ರೆಂಡರ್‌ಗೆ ಹಾಕಿದರೆ ಪಿಸಿ ಆಫ್, ಆನ್ ಆಗುವಾಗ 'ಪವರ್ ಸರ್ಜ್' ಮೆಸೇಜ್. ಸ್ಟೆಬಿಲೈಸರ್ ಹಾಕಬೇಕಾ?

ಪ್ರಶ್ನೆ: ವಿಡಿಯೋಕೆಲಸ

ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಟೈಪಿಂಗ್, ಬ್ರೌಸಿಂಗ್, ಸಿನಿಮಾ ನೋಡುವುದು, ಇದಕ್ಕೆಲ್ಲ ಪಿಸಿ ಚೆನ್ನಾಗಿಯೇ ಓಡುತ್ತದೆ. ಇಡೀ ದಿನ ಆನ್ ಇಟ್ಟರೂ ತಕರಾರಿಲ್ಲ. ಆದರೆ ವಿಡಿಯೋ ಎಡಿಟ್ ಮಾಡಿ ರೆಂಡರ್‌ಗೆ (ಎಡಿಟ್ ಆದದ್ದನ್ನು ಕೊನೆಯ ವಿಡಿಯೋ ಫೈಲ್ ಮಾಡಲು) ಹಾಕಿದರೆ ಸ್ವಲ್ಪ ಹೊತ್ತಿಗೆ ಫಟ್ ಅಂತ ಆಫ್. ನೀಲಿ ಪರದೆ ಬರಲ್ಲ, ಹ್ಯಾಂಗ್ ಕೂಡ ಆಗಲ್ಲ. ಒಂದೆರಡು ಕ್ಷಣಕ್ಕೆ ತಾನೇ ಆನ್ ಆಗುತ್ತದೆ. ಆಗ ವಿಂಡೋಸ್ ಬರುವ ಮೊದಲೇ ಕಪ್ಪು ಪರದೆ ಮೇಲೆ ಮದರ್‌ಬೋರ್ಡಿನ ಮೆಸೇಜ್: ಹಿಂದಿನ ಸಲ ಪವರ್ ಸಪ್ಲೈನಲ್ಲಿ ಸರ್ಜ್ (ವೋಲ್ಟೇಜಿನ ದಿಢೀರ್ ಏರುಪೇರು) ಕಂಡಿದೆ, ಸಿಸ್ಟಮ್ ಕಾಪಾಡಲು ಬಂದ್ ಮಾಡಲಾಗಿದೆ, ಎಫ್ 1 ಒತ್ತಿ.

ಈಚೆಗೆ ಬದಲಾಗಿದ್ದು ಒಂದೇ, ಗ್ರಾಫಿಕ್ಸ್ ಕಾರ್ಡ್. ಅದರ ವಿವರದಲ್ಲಿ 220 ವ್ಯಾಟ್ ಅಂತ ಇದೆ. ಎಸ್‌ಎಂಪಿಎಸ್ (ಪಿಸಿ ಒಳಗಿನ ಪವರ್ ಸಪ್ಲೈ ಬಾಕ್ಸ್) ಹಳೆಯದು, ಮೇಲೆ 550 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ಲೆಕ್ಕ ಹಾಕಿದರೆ ಸಾಕಾಗಬೇಕು, ಅಲ್ವಾ?

ನನ್ನ ಅನುಮಾನ ಮನೆಯ ಕರೆಂಟಿನ ಮೇಲೆ. ನೀರಿನ ಮೋಟಾರು ಆನ್ ಆದಾಗ ಬಲ್ಬು ಒಮ್ಮೆ ಮಂಕಾಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೆಲವು ಸಲ ಜುಮ್ ಅನ್ನುತ್ತದೆ. ಮುಂದಿನ ಯುಎಸ್‌ಬಿಗೆ ಏನಾದರೂ ಚುಚ್ಚಿದರೆ ವಿಂಡೋಸ್‌ನಲ್ಲೂ 'ಯುಎಸ್‌ಬಿ ಪೋರ್ಟಿನಲ್ಲಿ ಪವರ್ ಸರ್ಜ್' ಅಂತ ಬರುತ್ತದೆ. ಇವೆಲ್ಲ ಒಂದಕ್ಕೊಂದು ಸಂಬಂಧ ಇರಬೇಕು ಅನಿಸುತ್ತಿದೆ. ಸ್ಟೆಬಿಲೈಸರ್ ತರಲಾ, ಯುಪಿಎಸ್ ತರಲಾ? ರೆಂಡರ್ ಮಧ್ಯದಲ್ಲಿ ಆಫ್ ಆಗಿ ಪ್ರಾಜೆಕ್ಟ್ ಫೈಲ್ ಹಾಳಾಗುತ್ತದೆ ಅನ್ನುವ ಭಯದಲ್ಲೇ ಕೆಲಸ ಮಾಡುತ್ತಿದ್ದೇನೆ.

ಉತ್ತರ: ಹಳೇಗೇಮರ್

ಬಯಾಸ್‌ಗೆ (ವಿಂಡೋಸ್ ಬರುವ ಮೊದಲಿನ ಮದರ್‌ಬೋರ್ಡ್ ಸೆಟ್ಟಿಂಗ್) ಹೋಗಿ, ಮಾನಿಟರ್ ಮೆನು ಒಳಗೆ ಸರ್ಜ್ ರಕ್ಷಣೆಯ ಆಯ್ಕೆ ಇರುತ್ತದೆ. ಅದನ್ನು ಡಿಸೇಬಲ್ ಮಾಡಿ. ಕೆಲವು ಬೋರ್ಡುಗಳಲ್ಲಿ ಅದು ಸುಮ್ಸುಮ್ನೆ ಎಚ್ಚರಿಕೆ ಕೊಡುತ್ತದೆ. ನನ್ನದರಲ್ಲಿ ಆಫ್ ಮಾಡಿದ ಮೇಲೆ ತೊಂದರೆ ಇಲ್ಲ.

ಉತ್ತರ: ರಿಪೇರಿಬೆಂಚ್

ದಯವಿಟ್ಟು ಅದನ್ನು ಈಗಲೇ ಆಫ್ ಮಾಡಬೇಡಿ. ಬೋರ್ಡ್ ತಪ್ಪು ಎಚ್ಚರಿಕೆ ಕೊಡುವುದು ಉಂಟು, ಇಲ್ಲ ಅನ್ನಲ್ಲ. ಆದರೆ ನಿಮ್ಮ ಪಿಸಿ ಲೋಡ್ ಬಿದ್ದಾಗಲೇ ಆಫ್ ಆಗುತ್ತಿದೆ. ಸುಮ್ಮನೆ ಕೂತಾಗ ಆಗುತ್ತಿಲ್ಲ. ಇದು ತಪ್ಪು ಎಚ್ಚರಿಕೆಯ ಲಕ್ಷಣ ಅಲ್ಲ.

ನಾನು ಪವರ್ ಸಪ್ಲೈ ರಿಪೇರಿ ಕೆಲಸದವನು. ಈ ಮೆಸೇಜ್ ನೋಡಿ ಸ್ಟೆಬಿಲೈಸರ್, ಸ್ಪೈಕ್ ಗಾರ್ಡ್ ಎಲ್ಲ ತಂದು, ಕೊನೆಗೆ ಮದರ್‌ಬೋರ್ಡನ್ನೂ ಬದಲಿಸಿದವರು ನನ್ನ ಬೆಂಚಿಗೆ ಬರುತ್ತಾರೆ. ಬೇಜಾರಾಗುತ್ತದೆ. ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಆ ಮೆಸೇಜ್ ಕೊಡುವ ಮದರ್‌ಬೋರ್ಡಿಗೆ ಗೋಡೆಯ ಕರೆಂಟು ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ಎಸ್‌ಎಂಪಿಎಸ್ ಹೊರಗೆ ಕೊಡುವ 12, 5 ಮತ್ತು 3.3 ವೋಲ್ಟ್ ಡಿಸಿ ಮಾತ್ರ. ಇವು ಹದ ತಪ್ಪಿದರೆ ಅದು ಆಫ್ ಮಾಡುತ್ತದೆ. ಹಾಗಾಗಿ ಹುಡುಕಾಟ ಎಸ್‌ಎಂಪಿಎಸ್‌ನಿಂದಲೇ ಶುರುವಾಗಬೇಕು.

ಮೋಟಾರು ಆನ್ ಆದಾಗ ಬಲ್ಬು ಮಂಕಾಗುವುದರ ಬಗ್ಗೆ. ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಬಹುಪಾಲು 100ರಿಂದ 240 ವೋಲ್ಟ್‌ವರೆಗೆ ಏನು ಬಂದರೂ ಓಡುತ್ತವೆ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸ್ವಲ್ಪ ದಾಸ್ತಾನು ಇರುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಆದರೆ ಕರೆಂಟು ಪೂರ್ತಿ ಹೋದರೂ 16 ಮಿಲಿಸೆಕೆಂಡ್ ಆಸುಪಾಸು ತಡೆಯುತ್ತದೆ. ಬಲ್ಬು ಒಮ್ಮೆ ಮಂಕಾದರೆ ಅದಕ್ಕೆ ಗೊತ್ತೂ ಆಗಬಾರದು. ಸ್ಟೆಬಿಲೈಸರ್ ಮಾಡುವುದು ನಿಧಾನವಾಗಿ ಏರುವ ಇಳಿಯುವ ವೋಲ್ಟೇಜನ್ನು ಸರಿಮಾಡುವ ಕೆಲಸ. ಆ ಕೆಲಸ ಎಸ್‌ಎಂಪಿಎಸ್ ತಾನೇ ಮಾಡಿಕೊಳ್ಳುತ್ತದೆ. ನಿಮ್ಮ ಈ ತೊಂದರೆಗೆ ಸ್ಟೆಬಿಲೈಸರ್ ಬೇಡ.

ಈಗ ಹಣ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು.

ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆಗೆದು 'ಕರ್ನಲ್ ಪವರ್ 41' ನೋಡಿ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಇದ್ದರೆ ವಿಂಡೋಸ್ ಕ್ರ್ಯಾಶ್ ಆದದ್ದಕ್ಕೆ ದಾಖಲೆ ಇಲ್ಲ, ದಿಢೀರನೆ ಪವರ್ ಹೋಗಿರುವ ಸಾಧ್ಯತೆಯೇ ಜಾಸ್ತಿ. 41 ಅಂದರೆ ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಮಾತ್ರ ತಿಳಿಯಬೇಡಿ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದಷ್ಟೇ ಅದು ಹೇಳುವುದು.

ಆಮೇಲೆ ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ಟನ್ನು ಅದರ ಸಾಫ್ಟ್‌ವೇರಿನಲ್ಲಿ 70 ಪರ್ಸೆಂಟಿಗೆ ಇಳಿಸಿ ರೆಂಡರ್ ಮಾಡಿ ನೋಡಿ. ಆಫ್ ಆಗುವುದು ನಿಂತರೆ ನಾವು ಸರಿಯಾದ ದಾರಿಯಲ್ಲಿದ್ದೇವೆ. ಈ ಪರೀಕ್ಷೆ ನನಗೆ ತುಂಬ ಇಷ್ಟ. ಏನನ್ನೂ ಬಿಚ್ಚದೆ ಅರ್ಧ ಉತ್ತರ ಸಿಗುತ್ತದೆ.

ಮಲ್ಟಿಮೀಟರ್ ಇದ್ದರೆ ಅಳೆಯಿರಿ. ಸಾಫ್ಟ್‌ವೇರ್ ತೋರಿಸುವ ವೋಲ್ಟೇಜ್ ನಂಬಬೇಡಿ, ಬೋರ್ಡಿನ ಸೆನ್ಸರ್ ಎಷ್ಟೋ ಸಲ ತಪ್ಪು ಲೆಕ್ಕ ಕೊಡುತ್ತದೆ. ಎಸ್‌ಎಂಪಿಎಸ್‌ನಿಂದ ಬರುವ, ಖಾಲಿ ಇರುವ ಹಳೇ ಮಾದರಿಯ 4 ಪಿನ್ ಕನೆಕ್ಟರ್ ಸಾಕು. ಹಳದಿ ವೈರು 12 ವೋಲ್ಟ್, ಕೆಂಪು 5, ಕಪ್ಪು ಎರಡೂ ಗ್ರೌಂಡ್. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಸುಮ್ಮನಿದ್ದಾಗ ಒಂದು ಸಲ, ರೆಂಡರ್ ಓಡುವಾಗ ಒಂದು ಸಲ ನೋಡಿ. ಎಟಿಎಕ್ಸ್ (ಪಿಸಿ ಎಸ್‌ಎಂಪಿಎಸ್‌ಗಳ ಮಾನದಂಡ) ನಿಯಮದ ಪ್ರಕಾರ ಮೇಲೆ ಕೆಳಗೆ 5 ಪರ್ಸೆಂಟ್ ಬಿಡುವು ಇದೆ. ಅಂದರೆ 12 ವೋಲ್ಟ್ ಲೈನು 11.40ರಿಂದ 12.60, 5 ವೋಲ್ಟ್ ಲೈನು 4.75ರಿಂದ 5.25. ಪ್ರೋಬ್ ತುದಿ ಎರಡು ಪಿನ್ನಿಗೆ ಒಟ್ಟಿಗೆ ತಾಗದಂತೆ ಹಿಡಿಯಿರಿ.

ಎಸ್‌ಎಂಪಿಎಸ್ ಬಾಕ್ಸನ್ನು ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮುಖ್ಯವಾದದ್ದು ಇನ್ನೊಂದು. ಎಸ್‌ಎಂಪಿಎಸ್ ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಅಂತ ಬರೆದಿದೆ? ದೊಡ್ಡ ಅಕ್ಷರದ 550 ನನಗೆ ಬೇಡ, ಆ ಆಂಪಿಯರ್ ಹೇಳಿ. ಜೊತೆಗೆ ಗ್ರಾಫಿಕ್ಸ್ ಕಾರ್ಡಿಗೆ ಕೇಬಲ್ ಹೇಗೆ ಹೋಗಿದೆ ಅಂತ ನೋಡಿ.

ಉತ್ತರ: ವೈರಿಂಗ್ಮನೆ

ಮೇಲಿನವರು ಪಿಸಿ ಕಡೆ ಹೇಳಿದ್ದಾರೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದಕ್ಕೆ ನಾನು ಹೇಳುತ್ತೇನೆ. ಅದು ಬೇರೆಯೇ ತೊಂದರೆ. ಅರ್ಥಿಂಗ್ ಇಲ್ಲ ಅಥವಾ ಎಲ್ಲೋ ಕಡಿದಿದೆ.

ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ, ಕರೆಂಟಿನ ಗದ್ದಲ (ನಾಯ್ಸ್) ಸೋಸುವುದಕ್ಕೆ. ಅರ್ಥ್ ಸರಿ ಇದ್ದರೆ ಅಲ್ಲಿ ಸೋರುವ ಕರೆಂಟು ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇನ್ಸ್‌ನ ಅರ್ಧ ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. 230 ವೋಲ್ಟ್ ಲೈನಾದರೆ ಮೀಟರಿನಲ್ಲಿ 115ರ ಹತ್ತಿರ ಕಾಣಬಹುದು. ಕರೆಂಟು ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುತ್ತದೆ. ಆದರೆ ನಾಳೆ ಒಳಗೆ ಫೇಸ್ ವೈರು ಬಾಡಿಗೆ ತಾಗಿದರೆ ಆ ಕ್ಯಾಬಿನೆಟ್ ಜೀವ ತೆಗೆಯಬಲ್ಲದು. ಜುಮ್ ಅನ್ನುವುದು ಅಭ್ಯಾಸ ಆಗಿಹೋಗಿದೆ ಅನ್ನುವ ಮನೆಗಳಿಗೆ ಹೋದಾಗ ನನಗೆ ನಿಜವಾಗಲೂ ಹೆದರಿಕೆಯಾಗುತ್ತದೆ.

ಸಾಕೆಟ್ಟಿನಲ್ಲಿ ಫೇಸ್ ನ್ಯೂಟ್ರಲ್ ನಡುವೆ, ಫೇಸ್ ಅರ್ಥ್ ನಡುವೆ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಬರಬೇಕು. ನ್ಯೂಟ್ರಲ್ ಅರ್ಥ್ ನಡುವೆ ಕೆಲವೇ ವೋಲ್ಟ್. ಹಾಗೆ ಬಂದರೂ ಪೂರ್ತಿ ನಂಬಬೇಡಿ. ತುಕ್ಕು ಹಿಡಿದ ಜಾಯಿಂಟ್ ಮೂಲಕವೂ ಮೀಟರ್ ಸರಿಯಾಗಿ ತೋರಿಸುತ್ತದೆ. ಎಲೆಕ್ಟ್ರಿಷಿಯನ್ ಕೈಲಿ ಅರ್ಥ್ ಲೂಪ್ ಟೆಸ್ಟ್ (ಅರ್ಥ್ ದಾರಿ ನಿಜವಾಗಿ ಕರೆಂಟು ಒಯ್ಯುತ್ತದೆಯೇ ಅನ್ನುವ ಪರೀಕ್ಷೆ) ಮಾಡಿಸಿ.

ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಸಾಕೆಟ್ ಒಳಗೆ ನ್ಯೂಟ್ರಲ್ಲನ್ನೂ ಅರ್ಥನ್ನೂ ತುಂಡು ವೈರಿನಲ್ಲಿ ಸೇರಿಸಿ 'ಅರ್ಥ್ ಸರಿಮಾಡಿದೆ' ಅನ್ನುವವರಿದ್ದಾರೆ. ಬೇಡ. ಸಾಕೆಟ್ಟಿಗೆ ಬರುವ ಲೈನಿನಲ್ಲಿ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಪೂರ್ತಿ ಫೇಸ್ ಕ್ಯಾಬಿನೆಟ್ ಮೇಲೆ ಬರುತ್ತದೆ.

ಇನ್ನು ಸ್ಪೈಕ್ ಗಾರ್ಡ್ ವಿಚಾರ. ಅದರಲ್ಲಿರುವ, ಹೆಚ್ಚಿನ ವೋಲ್ಟೇಜನ್ನು ಹೀರುವ ವ್ಯಾರಿಸ್ಟರ್‌ಗಳಲ್ಲಿ ಕೆಲವು ಫೇಸಿಗೂ ಅರ್ಥಿಗೂ ನಡುವೆ ಇರುತ್ತವೆ. ಅರ್ಥೇ ಇಲ್ಲದಿದ್ದರೆ ಅವು ಇದ್ದೂ ಇಲ್ಲದಂತೆ. ಮೊದಲು ಅರ್ಥ್, ಆಮೇಲೆ ಸ್ಪೈಕ್ ಗಾರ್ಡ್. ವ್ಯಾರಿಸ್ಟರ್ ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತದೆ, ಹಾಗಾಗಿ ರಕ್ಷಣೆ ಇದೆ ಅಂತ ತೋರಿಸುವ ದೀಪ ಇರುವುದನ್ನೇ ನೋಡಿ. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಜೊತೆ ಲ್ಯಾನ್ ಕೇಬಲ್ಲೂ ಕಿತ್ತಿಡಿ. ಎಷ್ಟೋ ಬೋರ್ಡುಗಳು ಆ ದಾರಿಯಿಂದಲೇ ಸುಡುತ್ತವೆ.

ವಿಡಿಯೋಕೆಲಸ

ಇಬ್ಬರಿಗೂ ತುಂಬ ಧನ್ಯವಾದ. ಹೇಳಿದ್ದನ್ನೆಲ್ಲ ಮಾಡಿದೆ.

41 ಸಾಲುಸಾಲಾಗಿ ಇದೆ, ಎಲ್ಲದರಲ್ಲೂ ಕೋಡ್ 0. ಪವರ್ ಲಿಮಿಟ್ 70ಕ್ಕೆ ಇಳಿಸಿದರೆ ರೆಂಡರ್ ಪೂರ್ತಿ ಮುಗಿಯಿತು! ನಿಧಾನ ಆಯಿತು, ಆದರೆ ಆಫ್ ಆಗಲಿಲ್ಲ. ಮತ್ತೆ 100ಕ್ಕೆ ಏರಿಸಿದರೆ ಹಳೇ ಕಥೆ.

ಮೀಟರಿನಲ್ಲಿ ಸುಮ್ಮನಿದ್ದಾಗ ಹಳದಿ 12.08, ಕೆಂಪು 5.06. ರೆಂಡರ್ ಶುರುವಾದ ಮೇಲೆ ಹಳದಿ 11.5ಕ್ಕೆ ಇಳಿಯಿತು, ಆಫ್ ಆಗುವ ಮುಂಚೆ 11.31 ಕಂಡೆ. ವಿಚಿತ್ರ ಏನೆಂದರೆ ಮುಂದಿನ ರೆಂಡರ್‌ನಲ್ಲಿ ಕೆಂಪು ನೋಡಿದರೆ ಅದು ಇಳಿಯಲಿಲ್ಲ, ಏರಿತು. 5.27. ಲೋಡ್ ಹಾಕಿದರೆ ಏರುವುದು ಹೇಗೆ? ಮೀಟರ್ ಕೆಟ್ಟಿದೆಯಾ?

ಲೇಬಲ್ಲಿನಲ್ಲಿ 12 ವೋಲ್ಟ್‌ಗೆ 30 ಆಂಪಿಯರ್ ಅಂತ ಇದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಎರಡು 8 ಪಿನ್ ಇದೆ. ಎಸ್‌ಎಂಪಿಎಸ್‌ನಿಂದ ಬರುವ ಒಂದೇ ಕೇಬಲ್ ತುದಿಯಲ್ಲಿ ಕವಲಾಗಿ ಎರಡಕ್ಕೂ ಹೋಗಿದೆ.

ಕ್ಯಾಬಿನೆಟ್ಟಿಗೂ ನೆಲಕ್ಕೂ 108 ವೋಲ್ಟ್ ತೋರಿಸಿತು. ನೋಡಿ ಗಾಬರಿಯಾಯಿತು. ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ, ಅಲ್ಲಿಯವರೆಗೆ ಪಿಸಿ ಆನ್ ಮಾಡುವುದಿಲ್ಲ.

ಉತ್ತರ: ರಿಪೇರಿಬೆಂಚ್

ಮೀಟರ್ ಸರಿಯಾಗಿದೆ. ಆ 5.27 ನೋಡಿ ನನಗೆ ಖುಷಿಯಾಯಿತು, ಯಾಕೆಂದರೆ ಅದೇ ಪೂರ್ತಿ ಕಥೆ ಹೇಳುತ್ತಿದೆ.

ಹಳೇ ವಿನ್ಯಾಸದ ಎಸ್‌ಎಂಪಿಎಸ್‌ಗಳಲ್ಲಿ 12 ಮತ್ತು 5 ವೋಲ್ಟ್ ಎರಡನ್ನೂ ಒಂದೇ ನಿಯಂತ್ರಣ ನೋಡಿಕೊಳ್ಳುತ್ತದೆ. ಎರಡರ ಸರಾಸರಿ ಸರಿ ಇದ್ದರೆ ಅದಕ್ಕೆ ಸಮಾಧಾನ. ಎರಡು ಎತ್ತುಗಳನ್ನು ಒಂದೇ ಹಗ್ಗದಲ್ಲಿ ಹಿಡಿದ ಹಾಗೆ. 12ರ ಮೇಲೆ ಭಾರ ಬಿದ್ದು ಅದು ಕುಸಿದಾಗ, ನಿಯಂತ್ರಣ ಎರಡನ್ನೂ ಮೇಲಕ್ಕೆಳೆಯುತ್ತದೆ. 12 ಪೂರ್ತಿ ಏರಲ್ಲ, ಆದರೆ ಭಾರ ಇಲ್ಲದ 5 ಮೇಲೆ ಹೋಗುತ್ತದೆ. ನಿಮ್ಮಲ್ಲಿ 12 ವೋಲ್ಟ್ 11.40ಕ್ಕಿಂತ ಕೆಳಗೆ, 5 ವೋಲ್ಟ್ 5.25ಕ್ಕಿಂತ ಮೇಲೆ. ಎರಡೂ ಗಡಿ ದಾಟಿವೆ. ಬೋರ್ಡ್ ಸರಿಯಾಗಿಯೇ ಹೇಳಿದೆ, ಸರಿಯಾಗಿಯೇ ಆಫ್ ಮಾಡಿದೆ.

ಹಳೇ ಕಾಲದ ಬೋರ್ಡುಗಳು 5 ಮತ್ತು 3.3ರಿಂದ ತುಂಬ ಎಳೆಯುತ್ತಿದ್ದವು. ಆಗ ಈ ವಿನ್ಯಾಸ ನಡೆಯುತ್ತಿತ್ತು. ಈಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಡಿಮೆ ಪೂರ್ತಿ 12 ವೋಲ್ಟ್ ಮೇಲೆಯೇ. ನಿಮ್ಮ ಲೇಬಲ್ಲಿನ 30 ಆಂಪಿಯರನ್ನು 12ರಿಂದ ಗುಣಿಸಿ. 360 ವ್ಯಾಟ್. 550ರಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅಷ್ಟೇ. ಕಾರ್ಡ್ 220, ಪ್ರೊಸೆಸರ್ ರೆಂಡರ್‌ನಲ್ಲಿ ನೂರರ ಮೇಲೆ, ಬೋರ್ಡು ಫ್ಯಾನು ಡಿಸ್ಕು ಬೇರೆ. ಅದು ಹೊಸದಾಗಿದ್ದಾಗಲೇ ಅಂಚಿನಲ್ಲಿರುತ್ತಿತ್ತು. ಈಗ ಕೆಪಾಸಿಟರ್‌ಗಳಿಗೂ ವಯಸ್ಸಾಗಿದೆ. ಸಾಲದ್ದಕ್ಕೆ ಈಗಿನ ಗ್ರಾಫಿಕ್ಸ್ ಕಾರ್ಡುಗಳು ಕೆಲವು ಮಿಲಿಸೆಕೆಂಡ್‌ಗಳಷ್ಟು ಹೊತ್ತು ಬರೆದದ್ದಕ್ಕಿಂತ ಬಹಳ ಜಾಸ್ತಿ ಎಳೆಯುತ್ತವೆ. ಮೀಟರಿಗೆ ಅಷ್ಟು ವೇಗ ಇಲ್ಲ, ಹಾಗಾಗಿ ನೀವು ಕಂಡ 11.31ಕ್ಕಿಂತಲೂ ಕೆಳಗೆ ಹೋಗಿರುವ ಸಾಧ್ಯತೆ ಇದೆ. ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಮೀಟರಿನಲ್ಲಿ ತಪ್ಪು ಕಂಡರೆ ಎಸ್‌ಎಂಪಿಎಸ್ ತಪ್ಪಿತಸ್ಥ. ಸರಿ ಕಂಡರೆ ಅಷ್ಟಕ್ಕೇ ಬಿಟ್ಟುಬಿಡಬೇಡಿ, ಇನ್ನೊಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿ ನೋಡಬೇಕು.

ಹೊಸದು ತರುವಾಗ 650 ವ್ಯಾಟ್ ನೋಡಿ. ಲೇಬಲ್ಲಿನಲ್ಲಿ 12 ವೋಲ್ಟ್‌ಗೆ 54 ಆಂಪಿಯರ್ ಇರಬೇಕು. 54 ಗುಣಿಸು 12 ಅಂದರೆ 648, ಅಂದರೆ ಪೂರ್ತಿ ಶಕ್ತಿ 12ರಲ್ಲೇ ಸಿಗುತ್ತದೆ. ಇಂಥವುಗಳಲ್ಲಿ ಸಾಮಾನ್ಯವಾಗಿ 5 ಮತ್ತು 3.3ಕ್ಕೆ ಬೇರೆ ಡಿಸಿ ಟು ಡಿಸಿ ಕನ್ವರ್ಟರ್ ಇರುತ್ತದೆ, ಒಂದು ಕುಸಿದರೆ ಇನ್ನೊಂದು ಏರಲ್ಲ. ಎಟಿಎಕ್ಸ್ 3.0 ಅಥವಾ ಅದರ ಮುಂದಿನದು ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಡಿನ ಆ ದಿಢೀರ್ ಎಳೆತ ತಡೆಯಬೇಕು ಅಂತಲೇ 2022ರಲ್ಲಿ ಆ ನಿಯಮ ಬಂದದ್ದು. ಗೋಲ್ಡ್, ಬ್ರಾನ್ಜ್ ಅನ್ನುವ 80 ಪ್ಲಸ್ ಚಿಹ್ನೆ ಹೇಳುವುದು ಎಷ್ಟು ಕರೆಂಟು ವ್ಯರ್ಥವಾಗಲ್ಲ ಅನ್ನುವುದನ್ನು. ವೋಲ್ಟೇಜ್ ಎಷ್ಟು ಗಟ್ಟಿ ಅನ್ನುವುದು ಅದರಿಂದ ಗೊತ್ತಾಗಲ್ಲ.

ಹೊಸದು ಬಂದ ಮೇಲೆ ಕಾರ್ಡಿನ ಎರಡು 8 ಪಿನ್‌ಗೂ ಬೇರೆ ಬೇರೆ ಕೇಬಲ್ ಹಾಕಿ. ಒಂದು 8 ಪಿನ್ನಿನ ಲೆಕ್ಕ 150 ವ್ಯಾಟ್. ಒಂದೇ ಕೇಬಲ್ ಮೇಲೆ ಎರಡರ ಭಾರ ಹಾಕಿದರೆ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ. ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ತಂದರೆ ಅದರ ಜೊತೆ ಬಂದ ಕೇಬಲ್ ಮಾತ್ರ ಬಳಸಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ. ಕನೆಕ್ಟರ್ ಕೂರುತ್ತದೆ ಅಂತ ಬೇರೆಯದನ್ನು ಹಾಕಿದರೆ 5 ವೋಲ್ಟ್ ಬರಬೇಕಾದ ಕಡೆ 12 ಬಂದು ಡಿಸ್ಕ್ ಸುಡುತ್ತದೆ.

ಯುಪಿಎಸ್ ಬೇಕಿದ್ದರೆ ತನ್ನಿ, ಕರೆಂಟು ಹೋದಾಗ ಸೇವ್ ಮಾಡಿ ಆಫ್ ಮಾಡಲು. ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್ ಇರುತ್ತದೆ, ಕೆಲವಕ್ಕೆ ಅಗ್ಗದ ಯುಪಿಎಸ್ ಕೊಡುವ ಮೆಟ್ಟಿಲು ಅಲೆ ಒಗ್ಗಲ್ಲ. ಬ್ಯಾಟರಿಗೆ ಹೋದ ಕೂಡಲೇ ಪಿಸಿ ಆಫ್ ಆಗುತ್ತದೆ. ಪ್ಯೂರ್ ಸೈನ್ ವೇವ್ (ಗೋಡೆಯ ಕರೆಂಟಿನಂತೆ ನಯವಾದ ಅಲೆ) ಕೊಡುವ ಯುಪಿಎಸ್ ಆದರೆ ಆ ಚಿಂತೆ ಇಲ್ಲ.

ಯುಎಸ್‌ಬಿ ವಿಷಯ ಬಾಕಿ ಇದೆ. ಅದು ಮೂರನೆಯ, ಬೇರೆ ತೊಂದರೆ. ಆ ಪೋರ್ಟಿನಿಂದ ಮಿತಿಗಿಂತ ಜಾಸ್ತಿ ಕರೆಂಟು ಎಳೆದರೆ ವಿಂಡೋಸ್ ಹಾಗೆ ಹೇಳುತ್ತದೆ. ಯುಎಸ್‌ಬಿ 2ರಲ್ಲಿ ಮಿತಿ 500 ಮಿಲಿಆಂಪಿಯರ್, 3ರಲ್ಲಿ 900. ಏನೇ ಚುಚ್ಚಿದರೂ ಬರುತ್ತಿದೆ ಅಂದರೆ ಪೋರ್ಟ್ ಒಳಗೇ ಶಾರ್ಟ್ ಇದೆ. ಟಾರ್ಚ್ ಹಾಕಿ ನೋಡಿ, ಒಳಗಿನ ತಗಡಿನ ಪಿನ್ ಬಾಗಿ ಪಕ್ಕದ್ದಕ್ಕೆ ತಾಗಿರಬಹುದು. ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಮುಂದಿನ ಪ್ಯಾನೆಲ್ಲಿನ ಯುಎಸ್‌ಬಿ ಕೇಬಲ್ಲನ್ನು ಮದರ್‌ಬೋರ್ಡಿನಿಂದ ತೆಗೆದಿಡಿ. ಹಿಂದಿನ ಪೋರ್ಟುಗಳಲ್ಲಿ ಏನೂ ಬರದಿದ್ದರೆ ಬೋರ್ಡ್ ಚೆನ್ನಾಗಿದೆ, ಮುಂದಿನ ಪ್ಯಾನೆಲ್ ಬದಲಿಸಿದರೆ ಸಾಕು.

ವಿಡಿಯೋಕೆಲಸ

ಅರ್ಥಿಂಗ್ ಆಯಿತು. ಈ ಕೋಣೆಗೆ ಬರುವ ಅರ್ಥ್ ವೈರು ಜಂಕ್ಷನ್ ಬಾಕ್ಸ್ ಒಳಗೆ ಕಳಚಿಕೊಂಡಿತ್ತು. ಜುಮ್ ಅನ್ನುವುದು ಪೂರ್ತಿ ನಿಂತಿದೆ. ಯುಎಸ್‌ಬಿ ಪೋರ್ಟಿನಲ್ಲಿ ಒಂದು ಪಿನ್ ಮೇಲೆದ್ದು ನಿಂತಿತ್ತು, ಸದ್ಯಕ್ಕೆ ಆ ಕೇಬಲ್ ಕಿತ್ತಿಟ್ಟಿದ್ದೇನೆ. ಹೊಸ ಎಸ್‌ಎಂಪಿಎಸ್ ಹಾಕಿದೆ, ಕಾರ್ಡಿಗೆ ಎರಡು ಕೇಬಲ್. ಪವರ್ ಲಿಮಿಟ್ 100ರಲ್ಲಿ ಉದ್ದದ ರೆಂಡರ್ ಮುಗಿಯಿತು. ಹಳದಿ 12.02ಕ್ಕಿಂತ ಕೆಳಗೆ ಬರಲಿಲ್ಲ. ಸರ್ಜ್ ರಕ್ಷಣೆ ಆನ್ ಇಟ್ಟಿದ್ದೇನೆ, ಮೆಸೇಜ್ ಬಂದಿಲ್ಲ.

ಇನ್ನೆರಡು ಪ್ರಶ್ನೆ. ಇಷ್ಟು ಸಲ ದಿಢೀರ್ ಆಫ್ ಆಗಿದ್ದರಿಂದ ಡಿಸ್ಕಿಗೆ ಏನಾದರೂ ಆಗಿದೆಯಾ ಅಂತ ಹೇಗೆ ನೋಡುವುದು? ಹಳೇ ಎಸ್‌ಎಂಪಿಎಸ್ಸನ್ನು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇನ್ನೊಂದು ಪಿಸಿಗೆ ಹಾಕಬಹುದಾ?

ಉತ್ತರ: ರಿಪೇರಿಬೆಂಚ್

ತುಂಬ ಸಂತೋಷ. ಅರ್ಥ್ ಸರಿಯಾಯಿತಲ್ಲ, ಅದಕ್ಕೆ ಇನ್ನೂ ಜಾಸ್ತಿ ಸಂತೋಷ.

ಡಿಸ್ಕಿಗೆ ಕೈ ಹಾಕುವ ಮೊದಲು ಪ್ರಾಜೆಕ್ಟುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) ಮಾಹಿತಿ ತೋರಿಸುವ ಯಾವುದಾದರೂ ಟೂಲ್ ತೆಗೆಯಿರಿ. ಎನ್‌ವಿಎಂಇ (ಹೊಸ ಮಾದರಿಯ ಎಸ್‌ಎಸ್‌ಡಿ) ಡಿಸ್ಕಿನಲ್ಲಿ 'ಅನ್‌ಸೇಫ್ ಶಟ್‌ಡೌನ್ಸ್' ಅನ್ನುವ ಲೆಕ್ಕ ಇರುತ್ತದೆ. ಅದು ದೊಡ್ಡದಾಗಿ ಕಂಡರೆ ಹೆದರಬೇಡಿ, ಆಗಿಹೋದದ್ದರ ಲೆಕ್ಕ ಅಷ್ಟೇ. ಅದು ಇನ್ನು ಏರಬಾರದು. ಗಮನ ಕೊಡಬೇಕಾದ್ದು 'ಮೀಡಿಯಾ ಎರರ್' ಮೇಲೆ, ಅದು 0 ಇರಬೇಕು. ಸಾಟಾ ಹಾರ್ಡ್ ಡಿಸ್ಕ್ ಆದರೆ ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರ್ (ಕೆಟ್ಟ, ಕೆಟ್ಟಿರಬಹುದಾದ ಜಾಗಗಳ ಲೆಕ್ಕ) ನೋಡಿ. 199ನೇ ಸಾಲಿನ ಸಿಆರ್‌ಸಿ (ಡೇಟಾ ಸಾಗಣೆಯ ತಪ್ಪು) ಲೆಕ್ಕ ಏರುತ್ತಿದ್ದರೆ ಡಿಸ್ಕಿಗಿಂತ ಡೇಟಾ ಕೇಬಲ್ ಮೇಲೆ ಅನುಮಾನ ಪಡಿ. ಕೊನೆಗೆ ಚೆಕ್‌ಡಿಸ್ಕ್ ಒಂದು ಸಲ ಓಡಿಸಿ.

ಹಳೇ ಎಸ್‌ಎಂಪಿಎಸ್ ಬೇರೆ ಪಿಸಿಗೆ ಬೇಡ. ಕಡಿಮೆ ಲೋಡಿನಲ್ಲಿ ವೋಲ್ಟೇಜ್ ಸರಿ ಕಂಡರೂ, ವಯಸ್ಸಾದ ಕೆಪಾಸಿಟರ್ ಬಿಡುವ ರಿಪಲ್ (ಡಿಸಿ ಮೇಲಿನ ಸಣ್ಣ, ವೇಗದ ಏರಿಳಿತ) ಮಲ್ಟಿಮೀಟರಿನಲ್ಲಿ ಕಾಣಲ್ಲ. 12 ವೋಲ್ಟ್ ಲೈನಿನಲ್ಲಿ ಅದು 120 ಮಿಲಿವೋಲ್ಟ್ ದಾಟಬಾರದು, ನೋಡಲು ಆಸಿಲೋಸ್ಕೋಪ್ ಬೇಕು. ಪರಿಚಯದ ರಿಪೇರಿಯವರಿದ್ದರೆ ಅಳೆಸಿ ನೋಡಿ, ಇಲ್ಲದಿದ್ದರೆ ಇ-ತ್ಯಾಜ್ಯಕ್ಕೆ ಕೊಟ್ಟುಬಿಡಿ. ಕೊಡುವ ಮೊದಲು ಅದರ ಪವರ್ ಕೇಬಲ್ ತೆಗೆದಿಟ್ಟುಕೊಳ್ಳಿ, ಅರ್ಥ್ ಪಿನ್ ಇರುವ ಒಳ್ಳೆಯ ಕೇಬಲ್ ಆದರೆ ಮಾನಿಟರಿಗೆ ಬರುತ್ತದೆ.